ಗೆರೆ ಮೇಸ್ತ್ರಿಯ ಕಾಲಿನ ಪ್ಲೇಟು

ನನ್ನ ಗಂಡನ ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಒಂದು ಪ್ಲೇಟು ಇದೆ. ಅದನ್ನು ಕಚ್ಚಿ ಹಿಡಿದ ಒಂದಷ್ಟು ಸ್ಕ್ರೂಗಳಿವೆ. ಹೋದ ವರ್ಷ ಒದ್ದೆ ನೆಲದ ಮೇಲೆ ಏಣಿ ಜಾರಿ ಬಿದ್ದಾಗ ಹಾಕಿದ್ದು. ಎಲುಬು ಕೂಡಿ ತಿಂಗಳುಗಳೇ ಆದವು. ಕಬ್ಬಿಣ ಮಾತ್ರ ಮನೆಯಳಿಯನ ಹಾಗೆ ಅಲ್ಲೇ ಠಿಕಾಣಿ ಹೂಡಿದೆ.

ನಾವಿಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವವರು. ಪುಟ್ಟಿ ಹಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು ನಾನು. ಏಣಿ ಹತ್ತಿ ಮೇಲಿನದನ್ನು ಮುಗಿಸುವುದು ಇವರು. ಗೋಡೆ ಸೂರಿಗೆ ಸೇರುವಲ್ಲಿ ಟೇಪು ಅಂಟಿಸದೆ ನೇರ ಗೆರೆ ಎಳೆಯುತ್ತಾರೆಂದು ಎಲ್ಲರ ಬಾಯಲ್ಲೂ ಇವರು ಗೆರೆ ಮೇಸ್ತ್ರಿ. ಅದಕ್ಕೆ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬ್ರಷ್ಷು ಬೇಕು. ಏಣಿಯನ್ನು ಹಿಡಿಯುವುದು ಕಾಲು. ಮೊಣಕಾಲಿನ ಕೆಳಗಿನ ಎಲುಬನ್ನು ಮೆಟ್ಟಿಲಿಗೆ ಒತ್ತಿ ನಿಂತರೆ ಆಳು ಅಲುಗುವುದಿಲ್ಲ. ಪ್ಲೇಟು ಇರುವುದೂ ಅಲ್ಲೇ, ಚರ್ಮದ ಅಡಿಯಲ್ಲೇ.

"ಅಲ್ಲಿ ಒತ್ತುತ್ತೆ ಕಣೇ, ಏಣಿ ಆಗಲ್ಲ," ಎನ್ನುತ್ತ ಇವರು ಗೋಡೆಯ ಕೆಳಗರ್ಧಕ್ಕೆ ಇಳಿದರು. ಮೇಲರ್ಧಕ್ಕೆ ಉದ್ದಣ್ಣ ಎಂಬ ಆಳನ್ನು ಕರೆದೆವು. ಉದ್ದವಿದ್ದದ್ದು ಅವನು ಮಾತ್ರ. ಅವನ ಗೆರೆ ಹಾವಿಗೂ ನಾಚಿಕೆ ತರಿಸುವಂತಿತ್ತು. ಕೆಳಗೆ ಕೂತ ಇವರು ಅದನ್ನು ನೋಡಿ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಏಣಿ ಹತ್ತದ ಗೆರೆ ಮೇಸ್ತ್ರಿ ಇನ್ನೆಷ್ಟು ದಿನ ಮೇಸ್ತ್ರಿಯಾಗಿ ಉಳಿದಾರು?

ಪ್ಲೇಟು ತೆಗೆಸಿಬಿಡಿ ಎಂದು ದುಂಬಾಲು ಬಿದ್ದೆ. ಇವತ್ತು, ನಾಳೆ ಎಂದು ತಳ್ಳುತ್ತಲೇ ಬಂದರು. ಕೊನೆಗೆ ಎಳೆದುಕೊಂಡೇ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಎಲುಬು ಚೆನ್ನಾಗಿ ಕೂಡಿದೆ. ಪ್ಲೇಟು ಇದ್ರೂ ತೊಂದರೆ ಇಲ್ಲ, ಹಾಗೇ ಬಿಡೋರೂ ಬೇಕಾದಷ್ಟು ಜನ ಇದ್ದಾರೆ. ಕೆಲಸಕ್ಕೆ ಅಡ್ಡ ಬಂದ್ರೆ ತೆಗೀಬಹುದು. ಆದ್ರೆ ಅದೂ ಆಪರೇಷನ್ನೇ. ಸ್ಕ್ರೂ ತೆಗೆದ ತೂತು ತುಂಬೋವರೆಗೂ ಎಲುಬು ನಾಜೂಕು, ಕೆಲವು ತಿಂಗಳು ಏಣಿ ಮುಟ್ಟೋ ಹಾಗಿಲ್ಲ. ಎಲ್ಲಿ ನೋಯುತ್ತೆ, ತೋರಿಸಿ."

ಇವರು ಒಮ್ಮೆ ಮೇಲೆ ತೋರಿಸಿದರು, ಒಮ್ಮೆ ಕೆಳಗೆ. ಡಾಕ್ಟರಮ್ಮ ಹೆಬ್ಬೆರಳಿನಿಂದ ಪ್ಲೇಟಿನುದ್ದಕ್ಕೂ ಒತ್ತಿದರು. ಇವರು ಸುಮ್ಮನೆ ಗೋಡೆ ನೋಡುತ್ತಿದ್ದರು. ಬೆರಳು ತೆಗೆದ ಮೇಲೆ ನೆನಪಾಯಿತೇನೋ, "ಅಯ್ಯೋ" ಎಂದರು.

"ಯೋಚನೆ ಮಾಡಿ ಬನ್ನಿ," ಎಂದರು ಡಾಕ್ಟರಮ್ಮ.

ಹೊರಗಿನ ಬೆಂಚಿನ ಮೇಲೆ ಕೂರಿಸಿ ಕೇಳಿದೆ. "ರೀ, ನಿಜ ಹೇಳಿ. ಬಿದ್ದ ಮೇಲೆ ಒಂದ್ಸಲ ಆದ್ರೂ ಏಣಿ ಹತ್ತಿ ನೋಡಿದ್ದೀರಾ?"

"ಇಲ್ಲ ಕಣೇ. ಏಣಿ ಕಂಡ್ರೆ ಎದೆ ಡವಡವ ಅನ್ನುತ್ತೆ. ಈಗೇನೋ ತಪ್ಪೆಲ್ಲ ಪ್ಲೇಟಿನ ಮೇಲೆ ಹಾಕ್ತಿದ್ದೀನಿ. ತೆಗೆಸಿದ ಮೇಲೂ ಹತ್ತೋಕಾಗದೆ ಹೋದ್ರೆ ಆಗ ಏನು ಹೇಳಲಿ?"

ಬೈಯಲೆಂದೇ ಬಾಯಿ ತೆರೆದೆ, ಅಳು ಬಂತು. ಇಷ್ಟು ದಿನ ಈ ಭಯವನ್ನು ಒಬ್ಬರೇ ನುಂಗಿಕೊಂಡಿದ್ದರಲ್ಲ ಎಂದು ಸಂಕಟವಾಯಿತು. "ಪ್ಲೇಟಿನ ಮಾತು ಆಮೇಲೆ. ಮೊದಲು ಏಣಿ," ಎಂದೆ.

ಮರುದಿನ ಕೆಲಸದ ಮನೆಯಲ್ಲಿ ಉದ್ದಣ್ಣನನ್ನು ಹಿಂದಿನ ಕೋಣೆಗೆ ಅಟ್ಟಿದೆ. ನೆಲ ಒಣಗಿದೆಯೇ ಎಂದು ಕೈಯಿಂದ ಸವರಿ ನೋಡಿ, ಏಣಿಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದೆ. "ನನ್ನ ತೂಕ ಗೊತ್ತಲ್ಲ? ನಾನು ಹಿಡಿದಿರೋ ಏಣಿ ಜಾರುತ್ತಾ? ಹತ್ತಿ."

ಒಂದು ಮೆಟ್ಟಿಲು ಹತ್ತಿ ನಿಂತರು. ಅವರ ನಡುಕ ಏಣಿಯಿಂದ ನನ್ನ ಅಂಗೈಗೆ ತಿಳಿಯುತ್ತಿತ್ತು. ಇಳಿದರು. ನೀರು ಕುಡಿದರು. ಡಬ್ಬಿ, ಬ್ರಷ್ಷು ತೆಗೆದುಕೊಂಡು ಮತ್ತೆ ಹತ್ತಿದರು. ನನಗೂ ಭಯವೇ, ಬಾಯಿ ಮಾತ್ರ ಉದ್ದಣ್ಣನ ಗೆರೆಯನ್ನು ಬೈಯುತ್ತಲೇ ಇತ್ತು. ಅದನ್ನು ಕೇಳುತ್ತ ಕೇಳುತ್ತ ಇವರು ಸೂರಿನ ಹತ್ತಿರ ಹೋಗಿಬಿಟ್ಟರು. ಕಾಲನ್ನು ಮೆಟ್ಟಿಲಿಗೆ ಒತ್ತಿ ಬ್ರಷ್ಷು ಎತ್ತಿದರು. ಮೊಳದುದ್ದ ಗೆರೆ ಬಂತು. ನೇರವಾಗಿತ್ತು.

"ಲೇ!" ಎಂದು ಕೂಗಿದರು. "ನೋಯ್ತಿದೆ ಕಣೇ! ಪ್ಲೇಟು ನಿಜವಾಗ್ಲೂ ಒತ್ತುತ್ತೆ!" ಮುಖದ ತುಂಬ ನಗು.

ನಾನು ಅಳುತ್ತಲೇ ನಕ್ಕೆ. "ಹಾಗಾದ್ರೆ ತೆಗೆಸೋದೇ. ಆಮೇಲೆ ಕೆಲವು ತಿಂಗಳು ಏಣಿ ಇಲ್ಲ, ನೆನಪಿರಲಿ."

"ಇರಲಿ ಬಿಡು. ಹತ್ತೋಕೆ ಬರುತ್ತೆ ಅಂತ ಗೊತ್ತಾಯ್ತಲ್ಲ."

"ಸರಿ, ಇಳೀರಿ ಈಗ."

"ಈ ಮೂಲೆ ಮುಗೀಲಿ. ಬಣ್ಣ ಸಾಲಲ್ಲ, ಏಣಿ ಬಿಟ್ಟು ಹೋಗಿ ಕಲಸ್ಕೊಂಡು ಬಾ."

ನಾನು ಏಣಿ ಬಿಟ್ಟೆ.