ಹದಿಮೂರು ಅಡಿಯ ಏಣಿ

ಅಣ್ಣ ಏಣಿಯಿಂದ ಬಿದ್ದು ತೀರಿಕೊಂಡು ಐದು ತಿಂಗಳಾಗಿತ್ತು. ಆದರೂ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನಡುಮನೆಯಲ್ಲಿ ಏಣಿ ಎಳೆದ ಸದ್ದು ಕರ್ರ್ ಎಂದು ಕೇಳಿಸುತ್ತಿತ್ತು. ಹೊಲಿಗೆ ಯಂತ್ರ ತುಳಿಯುತ್ತಿದ್ದ ತಂಗಿಯ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ತಿರುಗಿ ನೋಡಿದರೆ ಬರೀ ನೆಲ.

ಅಣ್ಣ ಬಣ್ಣ ಹೊಡೆಯುವವನು. ಊರಿನವರ ಮನೆಗಳಿಗೆಲ್ಲ ಬಣ್ಣ ಬಳಿದು, ಸ್ವಂತ ಮನೆಯ ಗೋಡೆಗೆ ಬಿಡುವು ಸಿಗಲು ಹನ್ನೊಂದು ವರ್ಷ ಹಿಡಿದಿತ್ತು. ಮದುವೆಗೆ ಮೊದಲೇ ಕೊಂಡಿದ್ದ ಹದಿಮೂರು ಅಡಿಯ ಏಣಿಯನ್ನು ಅವನು ‘ಹಿರಿ ಹೆಂಡತಿ’ ಎನ್ನುತ್ತಿದ್ದ. ಅತ್ತಿಗೆ ಅದಕ್ಕೆ ನಗುತ್ತಲೇ ಮುಖ ತಿರುಗಿಸುತ್ತಿದ್ದಳು. ಅವನು ಹೋದ ಮೂರನೇ ದಿನ ಆ ಏಣಿಯನ್ನು ಯಾರಿಗೋ ಕೊಟ್ಟುಬಿಟ್ಟವಳೂ ಅವಳೇ.

ತಂಗಿಯ ಎದೆಯಲ್ಲಿ ಒಂದು ಮಾತು ಮುಳ್ಳಿನಂತೆ ಉಳಿದಿತ್ತು. ಆ ದಿನ ಹತ್ತು ಗಂಟೆಗೆ, ಗೋಡೆಗೂ ಏಣಿಗೂ ನಡುವೆ ಯಂತ್ರದ ಮುಂದೆ ಕೂತಿದ್ದವಳ ತಲೆಗೆ ಏಣಿಯ ಮೆಟ್ಟಿಲು ತಾಗಿತ್ತು. “ಸ್ವಲ್ಪ ಆಚೆ ಎಳ್ಕೊ ಅಣ್ಣ, ಬೆನ್ನು ನೆಟ್ಟಗೆ ಮಾಡೋಕೂ ಆಗ್ತಿಲ್ಲ” ಎಂದಿದ್ದಳು. “ಆಯ್ತು ತಾಯಿ, ನಿನ್ನ ಬೆನ್ನಿಗಿಂತ ನನ್ನ ಗೋಡೆ ದೊಡ್ಡದಾ?” ಎಂದು ನಗುತ್ತ ಅವನು ಬುಡವನ್ನು ಗೋಡೆಯಿಂದ ಇನ್ನೊಂದಡಿ ಆಚೆ ಎಳೆದುಕೊಂಡಿದ್ದ. ಮಧ್ಯಾಹ್ನ ಅವಳು ಬಟ್ಟೆ ಕೊಟ್ಟು ವಾಪಸು ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿದ್ದರು. ಊಟ ಮುಗಿಸಿ ಅವನು ಹತ್ತಿದಾಗ ಏಣಿಯ ಬುಡ ಜಾರಿತ್ತು. ತಲೆ ಸುತ್ತು ಬಂದಿರಬೇಕು ಎಂದರು ಎಲ್ಲರೂ. ಏಣಿ ಎಳೆಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಅರ್ಧ ನೀಲಿ ಬಣ್ಣ ಬಳಿದ ಗೋಡೆ ಹಾಗೆಯೇ ಉಳಿಯಿತು. ಒಂದು ಸಂಜೆ ಕಿಟಕಿಯಿಂದ ಓರೆ ಬಿಸಿಲು ಬಿದ್ದಾಗ ಉಳಿದ ಬಿಳಿ ಭಾಗದ ಮೇಲೆ ನೀಲಿ ಗುರುತುಗಳು ಕಂಡವು. ಹಸಿ ಬಣ್ಣ ತಾಗಿದ್ದ ಏಣಿಯ ತುದಿಗಳು ಒರಗಿದ್ದ ಜಾಗ ಅದು. ಒಂದರ ಕೆಳಗೊಂದು, ಮೂರು ಕಡೆ. ಮೂರನೆಯದರಿಂದ ಗೋಡೆಯುದ್ದಕ್ಕೂ ಗೀರು ಇಳಿದಿತ್ತು.

ಮರುದಿನ ಕೋಟು ಒಯ್ಯಲು ಬಂದ ಲೆಕ್ಕದ ಮೇಷ್ಟ್ರನ್ನು ಅವಳು ಕೇಳಿದಳು. “ಮೇಷ್ಟ್ರೇ, ಏಣಿ ಎಷ್ಟುದ್ದ ಗೊತ್ತು, ಎಷ್ಟೆತ್ತರಕ್ಕೆ ಒರಗಿತ್ತು ಗೊತ್ತು. ಬುಡ ಗೋಡೆಯಿಂದ ಎಷ್ಟು ದೂರ ಇತ್ತು ಅಂತ ಹೇಳೋಕಾಗತ್ತಾ?”

“ಯಾಕಾಗಲ್ಲ? ಗೋಡೆ ನೆಟ್ಟಗಿದೆ, ನೆಲ ಸಮ ಇದೆ. ಎರಡೂ ಸೇರೋ ಮೂಲೆ ಲಂಬಕೋನ. ಅಲ್ಲಿಗೆ ಎರಡು ಬದಿ ಸಿಕ್ಕಿದ್ರೆ ಮೂರನೇದು ತಪ್ಪಿಸ್ಕೊಳ್ಳೋ ಹಾಗಿಲ್ಲ.” ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದಲೇ ಮೇಜಿನ ಮೇಲೆ ತ್ರಿಭುಜ ಬರೆದರು. “ಏಣಿಯ ವರ್ಗದಲ್ಲಿ ಎತ್ತರದ ವರ್ಗ ಕಳೀಬೇಕು. ಉಳಿದಿದ್ದರ ವರ್ಗಮೂಲವೇ ದೂರ. ಯಾಕಮ್ಮ, ಗೋಡೆ ಮುಗಿಸ್ತೀರಾ?”

“ಹೂಂ” ಎಂದಳು.

ಜೇಡರ ಬಲೆ ತೆಗೆಯುವ ಕೋಲನ್ನು ಗೋಡೆಗೆ ಹಿಡಿದು, ಟೇಪಿನಿಂದ ಅಳೆದಳು. ಮೇಲಿನ ಗುರುತು ಹನ್ನೆರಡಡಿ ಎಂಟಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ದೂರ ಮೂರಡಿ. ಅಣ್ಣ ಯಾವಾಗಲೂ ಇಡುತ್ತಿದ್ದುದು ಅಷ್ಟೇ; ಎತ್ತರದಲ್ಲಿ ಕಾಲು ಭಾಗ. ನಡುವಿನದು ಹನ್ನೆರಡಡಿ ನಾಲ್ಕಂಗುಲದ ಮೇಲೆ ಚೂರು. ದೂರ ನಾಲ್ಕಡಿ. ಅದು ತಾನು ಎಳೆಸಿದ್ದು. ಅಲ್ಲಿಯವರೆಗಿನದು ಅವಳಿಗೆ ಗೊತ್ತಿದ್ದದ್ದೇ.

ಕೆಳಗಿನದು ಸರಿಯಾಗಿ ಹನ್ನೆರಡಡಿ. ನೂರ ಅರವತ್ತೊಂಬತ್ತರಲ್ಲಿ ನೂರ ನಲವತ್ನಾಲ್ಕು ಕಳೆದರೆ ಇಪ್ಪತ್ತೈದು. ಐದಡಿ.

ಎರಡು ಸಲ ಕಳೆದು ನೋಡಿದಳು. ಐದೇ ಬಂತು. ಅವಳು ಎಳೆಸಿದ್ದು ಒಂದೇ ಅಡಿ. ಇನ್ನೊಂದಡಿ ಎಲ್ಲಿಂದ ಬಂತು? ನುಣ್ಣಗಿನ ನೆಲದ ಮೇಲೆ ಏಣಿಯನ್ನು ಐದಡಿ ದೂರ ಇಡುವಷ್ಟು ಅಣ್ಣ ಪೆದ್ದನಲ್ಲ. ಖಾಲಿ ಗೋಡೆಗೆ ಇನ್ನೂ ಯಾರೋ ಒರಗಿದ್ದಾರೆ ಅನ್ನಿಸಿತು.

ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಅಣ್ಣ ಹೋದಾಗಿನಿಂದ ಮಧ್ಯಾಹ್ನ ಅವಳು ನಡುಮನೆಗೆ ಕಾಲಿಟ್ಟಿರಲಿಲ್ಲ.

“ಅತ್ತಿಗೆ, ಆವತ್ತು ಅಣ್ಣ ಊಟಕ್ಕೆ ಕೂತಾಗ ಏಣೀನ ಯಾರಾದ್ರೂ ಮುಟ್ಟಿದ್ರಾ?”

ಮೊರ ಮಡಿಲಿಗೆ ಇಳಿಯಿತು. “ಏಣಿ ಹಿಂದೆ ಬೀರು ಬಾಗಿಲು ತೆಗೀಬೇಕಿತ್ತು ಕಣೆ” ಎಂದಳು ಅತ್ತಿಗೆ. “ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು, ಬೇರೆ ಕೊಡೋಣ ಅಂತ. ಏಣಿ ಅಡ್ಡ ಬಂತು, ಬುಡ ಆಚೆ ಎಳೆದೆ. ವಾಪಸ್ ತಳ್ಳೋಣ ಅನ್ನುವಷ್ಟರಲ್ಲಿ ಒಲೆ ಮೇಲೆ ಹಾಲು ಉಕ್ತು. ಮರೆತೇ ಹೋಯ್ತು.”

“ಅದಕ್ಕೂ ಮುಂಚೆ ನಾನು ಎಳೆಸಿದ್ದೆ ಅತ್ತಿಗೆ.”

ಅತ್ತಿಗೆ ತಲೆ ಎತ್ತಿದಳು. “ನಿಂಗೂ ಆ ಸದ್ದು ಕೇಳ್ಸತ್ತಾ?”

“ಹತ್ತು ಗಂಟೆಗೆ.”

“ನಂಗೆ ಒಂದೂವರೆಗೆ.”

ಒಂದೇ ಮನೆಯಲ್ಲಿ ಐದು ತಿಂಗಳು, ಒಬ್ಬಳ ಸದ್ದು ಇನ್ನೊಬ್ಬಳ ಕಿವಿಗೆ ಬಿದ್ದಿರಲಿಲ್ಲ.

“ಹತ್ತೋಕೆ ಮುಂಚೆ ಅವರು ನೋಡ್ಬೇಕಿತ್ತಲ್ವಾ?” ಅತ್ತಿಗೆ ಕೇಳಿದಳು.

“ಬೇರೆಯವರ ಮನೇಲಾದ್ರೆ ನೋಡ್ತಿದ್ದ. ಬುಡ ಅಲ್ಲಾಡಿಸಿ ನೋಡ್ದೆ ಹತ್ತಿದ್ದೇ ಇಲ್ಲ. ಇದು ನಮ್ಮ ಮನೆ ಅಲ್ವಾ ಅತ್ತಿಗೆ.”

ಅತ್ತಿಗೆ ಮೊರ ಪಕ್ಕಕ್ಕಿಟ್ಟು ಎದ್ದಳು. “ಅತ್ತೆಗೆ ಹೇಳಿಬಿಡೋಣ. ಇಬ್ಬರೂ ಬಚ್ಚಿಟ್ಕೊಂಡು ಅವರ ಕೈಯಲ್ಲಿ ಊಟ ಮಾಡೋದು ನನ್ನ ಕೈಲಿನ್ನು ಆಗಲ್ಲ.”

ಹಿಂದಿನ ಕೋಣೆಯಲ್ಲಿ ಅಮ್ಮ ಮಲಗಿದ್ದಳು. ಮಗ ಬಿದ್ದ ದಿನ ಅವಳು ಊರಲ್ಲಿರಲಿಲ್ಲ. ಇಬ್ಬರೂ ಮಂಚದ ಪಕ್ಕ ನೆಲದ ಮೇಲೆ ಕೂತು, ಒಬ್ಬಳು ತಡವರಿಸಿದಲ್ಲಿ ಇನ್ನೊಬ್ಬಳು ಹಿಡಿದು, ಎಲ್ಲವನ್ನೂ ಹೇಳಿದರು. ಮೂರಡಿ, ನಾಲ್ಕಡಿ, ಐದಡಿ.

ಅಮ್ಮ ಅಳಲಿಲ್ಲ, ಬೈಯಲಿಲ್ಲ. ಸೂರನ್ನೇ ನೋಡುತ್ತ, “ಆವತ್ತು ಹೊಟ್ಟೆ ತುಂಬ ಉಂಡಿದ್ನಾ?” ಎಂದು ಕೇಳಿದಳು.

“ಉಂಡ್ರು ಅತ್ತೆ. ಎರಡು ಸಲ ಬಡಿಸ್ಕೊಂಡ್ರು.”

“ಹೂಂ” ಎಂದು ಅಮ್ಮ ಮಗ್ಗುಲಾಗಿ ಗೋಡೆಯ ಕಡೆ ತಿರುಗಿದಳು. ಹೋಗಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು.