ತೊಂಬತ್ತೊಂಬತ್ತು ಮಧ್ಯಾಹ್ನಗಳು

2025ರ ಫೆಬ್ರುವರಿ 28, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಧಾರವಾಡದಿಂದ ದೂರ ಉತ್ತರಕ್ಕಿರುವ ಕೊಂಢವಾ ಬಡಾವಣೆಯ ತಮ್ಮ ಮನೆಯಲ್ಲಿ ಗೌರಾಬಾಯಿ ಕಂಪ್ಯೂಟರಿನ ಮುಂದೆ ಕೂತು, ಮೇಲ್‌ಗೆ ಲಗತ್ತಾಗಿದ್ದ ಫೈಲನ್ನು ನಾಲ್ಕನೆಯ ಸಲ ಒತ್ತಿದರು. ನಾಲ್ಕನೆಯ ಸಲವೂ ಅದೇ ಉತ್ತರ ಬಂತು: ಫೈಲ್ ರಚಿಸಲು ಆಗುತ್ತಿಲ್ಲ.

ಕಂಪ್ಯೂಟರನ್ನು ಆರಿಸಿ ಹಚ್ಚಿದ್ದಾಯಿತು. ನೆಟ್ಟಿನ ವೈರು ಕಿತ್ತು ಮತ್ತೆ ಸಿಕ್ಕಿಸಿದ್ದಾಯಿತು. ಇನ್ನು ಉಳಿದದ್ದು ಮೇಲಿನ ಮನೆಯ ರಂಜಿನಿ. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಶುಕ್ರವಾರ ಮನೆಯಿಂದಲೇ ಅವಳ ಆಫೀಸು. ಅವಳಿಗೆ ಫೋನ್ ಮಾಡಿದರು.

"ಯವ್ವಾ, ಲಗೂ ಬಾ. ಹತ್ತೂವರಿಗೆ ನಮ್ಮ ಪ್ರಲ್ಹಾದಗ ಲೆಕ್ಕ ಮುಟ್ಟಬೇಕು. ಹನ್ನೊಂದಕ್ಕ ಅವನ ಹುಡುಗ್ಯಾರ ವಿಜ್ಞಾನ ಪ್ರದರ್ಶನ."

ಪ್ರಲ್ಹಾದ ಅವರ ತಮ್ಮ, ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ನವೆಂಬರಿನಲ್ಲಿ ಅಕ್ಕನಿಗೆ ಒಂದು ನಮೂನೆ ಕಳಿಸಿದ್ದ. ಅಳೆಯುವುದು ಹೇಗೆಂದು ತೋರಿಸುವ ಚಿತ್ರಗಳನ್ನೆಲ್ಲ ಅದರೊಳಗೇ ತುರುಕಿದ್ದರಿಂದ ಹದಿನೆಂಟು ಎಂಬಿ ಭಾರ. ಕೆಲಸ ಮಾತ್ರ ಹಗುರದ್ದು. ಮಾಳಿಗೆಯ ಮೇಲೆ ಒಂದು ಮೀಟರಿನ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಬೇಕು. ಹನ್ನೆರಡು ಹೊಡೆದ ಮೇಲೆ ಎರಡೆರಡು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತು ಮಾಡಬೇಕು. ಅದರಲ್ಲಿ ಎಲ್ಲಕ್ಕಿಂತ ಗಿಡ್ಡ ನೆರಳು ಎಷ್ಟೆಂದು ನಮೂನೆಯಲ್ಲಿ ತುಂಬಬೇಕು.

"ಯಾತಕ್ಕೋ ಇದು?" ಎಂದು ಕೇಳಿದ್ದರು.

"ಅದನ್ನ ಕಡೀಕ ಹೇಳತೀನಿ ಅಕ್ಕಾ. ಮೊದಲ ಹೇಳಿದ್ರ ನಿನ್ನ ಕಣ್ಣು ಬೇಕಾದ ಅಂಕಿ ಕಡೆ ವಾಲತಾವ. ಇನ್ನೊಂದು ಮಾತು. ಚೀಟಿ ಮ್ಯಾಲ ಬರಕೊಂಡು ಆಮ್ಯಾಲ ನಕಲು ಮಾಡಬ್ಯಾಡ. ತಪ್ಪು ಹುಟ್ಟೋದು ನಕಲಿನಾಗ."

ಹಾಗಾಗಿ ಗೌರಾಬಾಯಿ ಒಂದು ಅಂಕಿಯನ್ನೂ ಕಾಗದದಲ್ಲಿ ಬರೆದಿಟ್ಟುಕೊಂಡಿರಲಿಲ್ಲ. ಉಕ್ಕಿನ ಟೇಪನ್ನು ಅಳತೆಗೆ ಸರಿಯಾಗಿ ಬಿಗಿದು, ಹಾಗೇ ಹಿಡಿದುಕೊಂಡು ಇಳಿದು ಬಂದು, ಮೇಲ್ ತೆರೆದು, ನಮೂನೆ ತೆರೆದು, ತುಂಬಿ, ಸೇವ್ ಒತ್ತುತ್ತಿದ್ದರು.

ರಂಜಿನಿ ಕೈಯಲ್ಲಿ ಚಹದ ಲೋಟ ಹಿಡಿದೇ ಬಂದು, ನಡೆದದ್ದನ್ನೆಲ್ಲ ಕೇಳಿಕೊಂಡಳು. "ಸೇವ್ ಮಾಡ್ತಿದ್ದಿದ್ದು ಎಲ್ಲಿಗೆ ಆಂಟಿ? ಯಾವ ಫೋಲ್ಡರ್?"

"ಎಲ್ಲಿಗೆ ಅಂದ್ರ? ಮೇಲ್‌ನಾಗಿಂದ ತಗದದ್ದು ಮೇಲ್‌ಗೇ ಹೋಗಬೇಕಲ್ಲ?"

ಮೂವತ್ತೊಂದು ವರ್ಷ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿ ದುಡಿದ ಕೈ ಅದು. ಯಾವ ಕಪಾಟಿನಿಂದ ತೆಗೆದ ಕಾಗದವೋ ಅದೇ ಕಪಾಟಿಗೆ ಮರಳಬೇಕು. ದಿನಾ ನಮೂನೆ ಖಾಲಿಯಾಗಿಯೇ ತೆರೆದುಕೊಂಡಾಗಲೂ ಅವರಿಗೆ ಸಂಶಯ ಬಂದಿರಲಿಲ್ಲ. ಹಾಜರಿ ಪುಸ್ತಕದ ಹಾಗೆ ದಿನಕ್ಕೊಂದು ಹೊಸ ಹಾಳೆ, ಹಳೆಯವು ಅಡಿಯಲ್ಲಿ ಪೇರಿಕೊಂಡಿರುತ್ತವೆ ಎಂದುಕೊಂಡಿದ್ದರು.

ರಂಜಿನಿ ಲೋಟ ಕೆಳಗಿಟ್ಟಳು. "ಆಂಟಿ, ಮೇಲ್ ಒಳಗೆ ಏನೂ ಸೇವ್ ಆಗಲ್ಲ. ಅಲ್ಲಿರೋದು ಬರೀ ಖಾಲಿ ಫಾರ್ಮ್."

"ಏನೂ ಇಲ್ಲ?"

"ಇಲ್ಲ ಆಂಟಿ."

ಗೌರಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಸಂಕ್ರಾಂತಿಯ ದಿನ ಎಳ್ಳು ಹುರಿಯುವುದನ್ನು ಅರ್ಧಕ್ಕೆ ಬಿಟ್ಟು ಮಾಳಿಗೆ ಹತ್ತಿದ್ದರು. ಜ್ವರ ಬಂದ ದಿನವೂ ಹತ್ತಿದ್ದರು. ಧಾರವಾಡದ ಹುಡುಗಿಯರೂ ಅಲ್ಲಿ ಇಂಥದೇ ಕೋಲಿನ ನೆರಳನ್ನು ಅಷ್ಟೂ ದಿನ ಅಳೆದು ಕೂತಿದ್ದಾರೆ. ಇಲ್ಲಿಯದಿಲ್ಲದೆ ಅವರದೂ ವ್ಯರ್ಥ.

"ಮೊದ್ಲು ಫಾರ್ಮ್ ತೆಗೆಯೋ ಹಾಗೆ ಮಾಡೋಣ," ಎಂದಳು ರಂಜಿನಿ ಮೆಲ್ಲಗೆ. "ಮೇಲ್‌ನಲ್ಲೇ ಒತ್ತಿ ತೆಗೆದ ಫೈಲ್‌ಗೆ ಕಂಪ್ಯೂಟರ್ ಒಂದು ತಾತ್ಕಾಲಿಕ ಕಾಪಿ ಮಾಡತ್ತೆ, ಕಣ್ಣಿಗೆ ಕಾಣದ ಫೋಲ್ಡರ್‌ನಲ್ಲಿ. ಅಲ್ಲಿ ಕಸ ತುಂಬಿದ್ರೆ ಈ ಎರರ್ ಬರತ್ತೆ. ಎಲ್ಲ ಅಳಿಸಿಬಿಟ್ರೆ ಸರಿಹೋಗತ್ತೆ."

ಎಲ್ಲೆಲ್ಲೋ ಹೊಕ್ಕು ಆ ಫೋಲ್ಡರನ್ನು ತೆರೆದಳು. ಪರದೆಯ ತುಂಬ ಒಂದೇ ಹೆಸರಿನ ಸಾಲುಗಳು, ಹೆಸರಿನ ಪಕ್ಕ ಆವರಣದಲ್ಲಿ ಒಂದೊಂದು ಸಂಖ್ಯೆ. ಎಲ್ಲವನ್ನೂ ಒಟ್ಟಿಗೆ ಆಯ್ದಳು. ಸಾಲುಗಳು ನೀಲಿಯಾದವು. ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು.

ಗೌರಾಬಾಯಿಗೆ ಫೈಲುಗಳ ಹೆಸರು ಬೇಕಿರಲಿಲ್ಲ. ಗುಮಾಸ್ತೆಯ ಕಣ್ಣು ಯಾವತ್ತೂ ಮೊದಲು ಹೋಗುವುದು ತಾರೀಖಿಗೆ.

"ತಡೀ! ಕೈ ತಗೀ!"

ರಂಜಿನಿ ಬೆಚ್ಚಿ ಕೈ ಎತ್ತಿದಳು.

"ಮ್ಯಾಲಿಂದು ನೋಡು. ನವೆಂಬರ್ ಇಪ್ಪತ್ತೊಂದು. ಅವತ್ತ ನಾ ಶುರು ಮಾಡಿದ್ದು. ಅದರ ಕೆಳಗ ಇಪ್ಪತ್ತೆರಡು, ಇಪ್ಪತ್ಮೂರು... ಒಂದೂ ತಪ್ಪಿಲ್ಲ. ಹೊತ್ತು ನೋಡು, ಎಲ್ಲಾ ಒಂದು ಗಂಟೆ ಆಜೂಬಾಜೂ. ಕಸ ಅಲ್ಲ ಯವ್ವಾ ಅದು, ನನ್ನ ಮಧ್ಯಾಹ್ನಗೋಳು!"

ರಂಜಿನಿ ಕೊನೆಯ ಸಾಲಿಗೆ ಇಳಿದಳು. ನಿನ್ನೆಯ ತಾರೀಖು. ಒಟ್ಟು ತೊಂಬತ್ತೊಂಬತ್ತು. ಗೌರಾಬಾಯಿ ಒತ್ತಿದ ಸೇವ್ ಅಷ್ಟೂ ದಿನ ಈ ತಾತ್ಕಾಲಿಕ ಪ್ರತಿಗಳಿಗೇ ಹೋಗಿತ್ತು. ಒಂದೇ ಹೆಸರಿನಲ್ಲಿ ಅಷ್ಟು ಪ್ರತಿಗಳಾದ ಮೇಲೆ ನೂರನೆಯದನ್ನು ಮಾಡಲು ಆ ತಂತ್ರಾಂಶಕ್ಕೆ ಬರುವುದಿಲ್ಲ. ಅದಕ್ಕೇ ಇವತ್ತು ಕೈ ಚೆಲ್ಲಿತ್ತು. ಒಂದನ್ನು ತೆರೆದಳು. ಡಿಸೆಂಬರ್ 21: 89.7 ಸೆಂಟಿಮೀಟರ್.

"ಅಯ್ಯೋ ದೇವ್ರೇ," ಎಂದಳು. "ಅಳಿಸೇಬಿಡ್ತಿದ್ದೆ."

"ಮೈಸೂರಿನವರು ಮೆತ್ತಗಂತಾರ. ಕೈ ನೋಡಿದ್ರ ಕಟುಕರ ಕೈ," ಎಂದು ಗೌರಾಬಾಯಿ ನಕ್ಕರು.

ಎಲ್ಲ ಸೇರಿ ಒಂದೂ ಮುಕ್ಕಾಲು ಜಿಬಿ. ಯಾವ ಮೇಲ್ ಕೂಡ ಹೊರದ ಹೊರೆ. ರಂಜಿನಿ ಎಲ್ಲವನ್ನೂ ಬೇರೆ ಕಡೆ ನಕಲಿಸಿಟ್ಟಳು. ಚಿತ್ರಗಳನ್ನು ಬಿಟ್ಟು, ಪ್ರತಿ ಫೈಲಿನಿಂದ ತಾರೀಖು ಮತ್ತು ನೆರಳನ್ನಷ್ಟೇ ಎತ್ತಿಕೊಳ್ಳುವ ನಾಲ್ಕು ಸಾಲಿನ ಸೂಚನೆಯನ್ನು ಕಂಪ್ಯೂಟರಿಗೆ ಬರೆದಳು. ಒಂದು ಹಾಳೆಯಾಯಿತು, ಹನ್ನೆರಡು ಕೆಬಿ. ಕಳಿಸುವ ಮೊದಲು, ಅಂಕಿಗಳು ಸರಿಯಾಗಿ ಕೂತಿವೆಯೋ ಎಂದು ನೋಡಲು ಪರದೆಯ ಮೇಲೆ ಗ್ರಾಫ್ ಎಳೆದಳು.

ಚುಕ್ಕಿಗಳು ಎಡದಿಂದ ಮೆಲ್ಲಗೆ ಏರಿ, ಡಿಸೆಂಬರ್ ಇಪ್ಪತ್ತೊಂದರ ನೆತ್ತಿಯಲ್ಲಿ ಉಸಿರು ಹಿಡಿದಂತೆ ನಿಂತು, ಆಮೇಲೆ ಇಳಿಯತೊಡಗಿ, ಕೆಳಕೆಳಗೆ ವೇಗ ಪಡೆದಿದ್ದವು. ಮೋಡ ಕವಿದು, ನಮೂನೆಯಲ್ಲಿ ಅಂಕಿ ತುಂಬದೆ ಬಿಟ್ಟಿದ್ದ ಮೂರು ದಿನಗಳಲ್ಲಿ ಮಾತ್ರ ಜಾಗ ಖಾಲಿ. ದಿನಕ್ಕೆ ಕೆಲವು ಮಿಲಿಮೀಟರಿನ ಏರಿಳಿತವನ್ನು ಗೌರಾಬಾಯಿ ಬೇರೆ ಬೇರೆಯಾಗಿ ಕಂಡಿದ್ದರು. ಅಷ್ಟೂ ದಿನ ತಮ್ಮ ಮಾಳಿಗೆಯ ಮೇಲೆ ಇಂಥದೊಂದು ದಾರಿ ಹಾದುಹೋಗುತ್ತಿತ್ತೆಂದು ಅವರಿಗೆ ತಿಳಿದಿರಲಿಲ್ಲ. ಬೆರಳನ್ನು ಗಾಜಿಗೆ ತಾಗಿಸದೆ, ಆ ಬಾಗಿನ ಗುಂಟ ಒಯ್ದರು.

"ಸೂರ್ಯ ಹಿಂಗ ನಡೀತಾನೇನ?"

"ನಂಗೂ ಇವತ್ತೇ ಕಂಡಿದ್ದು ಆಂಟಿ."

ಹತ್ತೂ ಇಪ್ಪತ್ತೈದಕ್ಕೆ ಹಾಳೆ ಧಾರವಾಡ ಸೇರಿತು. ಹನ್ನೊಂದಕ್ಕೆ ಎಂಟು ನಿಮಿಷವಿದ್ದಾಗ ಫೋನ್ ಬಂತು. ಪ್ರಲ್ಹಾದನ ಹಿಂದೆ ಹುಡುಗಿಯರ ಗದ್ದಲ.

"ಅಕ್ಕಾ, ಈಗ ಕೇಳು. ನಿಮ್ಮ ನೆರಳು ದಿನಾ ನಮ್ಮದಕ್ಕಿಂತ ಉದ್ದ. ಸೂರ್ಯ ಒಬ್ಬನ, ಕೋಲು ಅಷ್ಟ ಉದ್ದದ್ದು, ಎರಡೂ ನೆಟ್ಟಗ ನಿಂತಾವ. ಮತ್ತ ಯಾಕ ಹಿಂಗ?"

"ನೀನ ಹೇಳೋ ಮಾರಾಯಾ, ಮೂರು ತಿಂಗಳು ಬಾಯಿ ಬಿಗಿದೀಯಲ್ಲ!"

"ನಡುವ ನೆಲ ಬಾಗೇದ ಅಕ್ಕಾ. ನಿನ್ನ ಮಾಳಿಗೀಗೂ ನಮ್ಮ ಅಂಗಳಕ್ಕೂ ನಡುವ, ಎರಡೂ ನೆರಳಿನ ಕೋನ ಕಳದು ನೋಡಿದ್ರ, ತೊಂಬತ್ತಾರು ದಿನದ ಸರಾಸರಿ, 2.98 ಡಿಗ್ರಿ ಬಾಗೇದ. ಉತ್ತರ ದಕ್ಷಿಣ ದೂರ 333 ಕಿಲೋಮೀಟರ್. ಹಂಗಾದ್ರ ಪೂರಾ ಸುತ್ತು, 360 ಡಿಗ್ರಿಗೆ ಎಷ್ಟು? ನೀ ನೆರಳಲ್ಲ ಅಳದದ್ದು, ಭೂಮಿ. ತಡಿ, ಹುಡುಗ್ಯಾರು ಬೋರ್ಡ್ ಮ್ಯಾಲ ಗುಣಿಸಲಿಕ್ಕತ್ಯಾರ."

ಗೌರಾಬಾಯಿ ಎದ್ದು ನಿಂತರು. ಕಾಲಡಿಯ ನೆಲ ಎಂದಿನಂತೆ ಸಮತಟ್ಟಾಗಿಯೇ ಇತ್ತು. ಕಿಟಕಿಯಾಚೆ ಸಿಮೆಂಟಿನ ಲಾರಿ, ರಿಕ್ಷಾ, ತರಕಾರಿ ಗಾಡಿ, ಎಲ್ಲವೂ ಆ ಬಾಗಿನ ಮೇಲೆಯೇ ಓಡಾಡುತ್ತಿದ್ದವು. ಅವರು ಒಂದು ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡರು.

ಫೋನಿನಲ್ಲಿ ಗದ್ದಲ ನಿಂತಿತು. ಒಬ್ಬ ಹುಡುಗಿ ಬೋರ್ಡನ್ನು ಗಟ್ಟಿಯಾಗಿ ಓದಿದಳು: ಭೂಮಿಯ ಸುತ್ತಳತೆ, 40,228 ಕಿಲೋಮೀಟರ್.