ಒಂದು ರೂಪಾಯಿ ಮೇಜಿನ ಸರದಾರ

ನಾನೊಂದು ಮೌಸ್. ಅಂತಿಂಥ ಮೌಸ್ ಅಲ್ಲ. ನಾನು ಹುಟ್ಟಿದ ಕ್ಷಣ ಕಾರ್ಖಾನೆಯ ಸೈರನ್ ಕೂಗಿತು, ಯಂತ್ರಗಳೆಲ್ಲ ಕೆಲಸ ನಿಲ್ಲಿಸಿ ನನ್ನತ್ತ ತಿರುಗಿದವು. ಅದೇ ದಿನ ಅಲ್ಲಿ ಇನ್ನೂ ನಲವತ್ತು ಸಾವಿರ ಮೌಸುಗಳು ಹುಟ್ಟಿದ್ದು ನಿಜ. ಆದರೆ ಸೈರನ್ ಕೂಗಿದ್ದು ನನಗಾಗಿಯೇ. ಅದು ಊಟದ ಹೊತ್ತಿನ ಸೈರನ್ ಎನ್ನುವವರು ಹೊಟ್ಟೆಕಿಚ್ಚಿನವರು.

ನನ್ನ ಮೈ ಕಪ್ಪು. ಬೆನ್ನ ಮೇಲೆ ಎರಡು ಗುಂಡಿ, ನಡುವೆ ಒಂದು ಪುಟ್ಟ ಗಾಲಿ. ಹೊಟ್ಟೆಯಲ್ಲಿ ಒಂದು ಕೆಂಪು ದೀಪ. ಆ ದೀಪದ ಬೆಳಕಿನಲ್ಲಿ ನನಗೆ ಕಾಣುವುದು ಕೆಳಗಿನ ನೆಲ ಮಾತ್ರ. ಮೇಲಿನ ಲೋಕವೆಂದರೆ ನನಗೆ ಒಂದು ಅಂಗೈ. ಮನುಷ್ಯರು ಮುಖ ನೋಡಿ ಮನುಷ್ಯರನ್ನು ಅಳೆಯುತ್ತಾರಂತೆ, ಪಾಪ. ಮುಖ ಸುಳ್ಳು ಹೇಳುತ್ತದೆ. ಅಂಗೈ ಹೇಳಲಾರದು.

ಮೊದಲು ನಾನು ಧಾರವಾಡದ ಒಂದು ಸೈಬರ್ ಸೆಂಟರಿನಲ್ಲಿದ್ದೆ. ಅಲ್ಲಿ ಎಂಟು ವರ್ಷಗಳಲ್ಲಿ ಮೂರು ಲಕ್ಷ ಜನರಿಗೆ ಸರಕಾರಿ ನೌಕರಿ ಕೊಡಿಸಿದೆ. ಪರೀಕ್ಷೆ ಬರೆದವರು ಅವರೇ ಇರಬಹುದು. ಅರ್ಜಿಯ ಕೊನೆಯಲ್ಲಿ 'ಸಲ್ಲಿಸು' ಎಂದು ಒತ್ತಿದವನು ನಾನು. ಶೇಂಗಾ ಚಟ್ನಿಯ ವಾಸನೆಯ ಕೈ, ಸೀಮೆಸುಣ್ಣದ ಪುಡಿ ಹತ್ತಿದ ಕೈ, ಮೆಹಂದಿ ಇನ್ನೂ ಒಣಗದ ಕೈ, ಎಲ್ಲವೂ ನನ್ನ ಬೆನ್ನ ಮೇಲೆ ಹಾದುಹೋದವು. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಫ್ಯಾನಿನ ಗಾಳಿಯಲ್ಲಿ ತೂಕಡಿಸುತ್ತ, ನಾನು ಒಂದು ದೋಣಿ, ನನ್ನ ಕೆಳಗಿನ ಬಟ್ಟೆ ಒಂದು ಕಡಲು ಎಂದು ಕನಸು ಕಾಣುತ್ತಿದ್ದೆ. ತಂತಿ ಎಳೆದಷ್ಟು ದೂರ ನನ್ನ ಕಡಲು. ನನ್ನಷ್ಟು ಸುತ್ತಿದ ಮೌಸ್ ಭೂಮಿಯ ಮೇಲಿಲ್ಲ.

ಎಲ್ಲರ ಜೇಬಿಗೂ ಒಂದೊಂದು ಫೋನು ಬಂತು. ಸೆಂಟರು ಮುಚ್ಚಿತು. ಕಂಪ್ಯೂಟರಿನ ಜೊತೆಗೆ ನನ್ನನ್ನೂ ಮಾಳಮಡ್ಡಿಯ ಶ್ರೀಪಾದರಾಯರು ಕೊಂಡರು. ತಮ್ಮ ವಂಶಾವಳಿಯನ್ನು ಹನ್ನೆರಡು ತಲೆಮಾರಿನವರೆಗೆ ಟೈಪು ಮಾಡುವುದು ಅವರ ಆಸೆ. ಮೂರನೆಯ ತಲೆಮಾರಿನ ಹತ್ತಿರ ಅವರಿಗೆ ನಿದ್ದೆ ಬಂತು. ಆ ನಿದ್ದೆ ಎರಡು ವರ್ಷ ನಡೆಯಿತು. ಬೆಚ್ಚಗಿನ, ಭಾರವಾದ ಆ ಕೈಯ ಕೆಳಗೆ ನಾನೂ ಮಲಗಿಬಿಟ್ಟೆ.

ಎಚ್ಚರವಾದದ್ದು ಯುಗಾದಿಯ ಮರುದಿನ.

ಬೆನ್ನ ಮೇಲೆ ಒಂದು ಚುರುಕಾದ ಕೈ ಕುಣಿಯುತ್ತಿತ್ತು. ರಾಯರ ತಮ್ಮ ಪ್ರಹ್ಲಾದನದು. ಪಕ್ಕದ ಓಣಿಯಲ್ಲಿ ಸ್ಟೇಷನರಿ ಅಂಗಡಿ ಇಟ್ಟವನು. ತಾನು ಕಲಿತ ಹೊಸ ಆಟವನ್ನು ಅತ್ತಿಗೆಗೆ ತೋರಿಸಿ ಮೆರೆಯುತ್ತಿದ್ದ.

"ಇದಕ್ಕ ಪೋಕರ್ ಅಂತಾರ, ವೈನಿ. ಎರಡ ಎಲಿ ನಮ್ಮ ಕೈಯಾಗ, ಐದ ಎಲಿ ನಡುವ ಎಲ್ಲಾರಿಗೂ. ಕೂಡಿಸಿ ಐದು ಚಲೋ ಎಲಿ ಯಾರದೋ ಅವರು ಗೆದ್ದಂಗ. ಇದು ಒಂದ ರೂಪಾಯಿ ಟೇಬಲ್, ಎಲ್ಲಾಕ್ಕಿಂತ ಸಣ್ಣದು."

"ನಮ್ಮ ದೀಪಾವಳಿ ಮೂರೆಲಿ ಆಟ ಇದ್ದಂಗ ಅದ ಅಲಾ," ಎಂದರು ಅತ್ತಿಗೆ, ರಾಯರ ಹೆಂಡತಿ ಇಂದುಮತಿಬಾಯಿ.

"ನಿಮಗ್ಯಾಕ ಬೇಕ್ರಿ ಅದು? ಮದವಿ ಆದ ವರ್ಷ ಒಮ್ಮೆ ಕೂತಿದ್ರಿ. ಹತ್ತ ನಿಮಿಷದಾಗ ಹುಣಸಿಬೀಜ ಎಲ್ಲಾ ಖಾಲಿ!" ಪ್ರಹ್ಲಾದ ನಕ್ಕಾಗ ನಾನೂ ಅಲುಗಾಡಿದೆ. "ನಿಮಗ ಎಲಿ ಬಿಡ್ಲಿಕ್ಕೆ ಬರೂದಿಲ್ಲ, ವೈನಿ. ಏನ್ ಬಂದ್ರೂ ಹಿಡಕೊಂಡ ಕೂಡತೀರಿ."

ಆ ಮನೆಯ ಪದ್ಧತಿ ಹೀಗೆ. ದೀಪಾವಳಿ ಪಾಡ್ಯದ ಮಧ್ಯಾಹ್ನ ನಡುಮನೆಯಲ್ಲಿ ಜಮಖಾನ ಹಾಸುತ್ತಾರೆ. ಅಣ್ಣತಮ್ಮಂದಿರು, ಭಾವಂದಿರು ಸುತ್ತಲೂ ಕೂತು ಹುಣಸೆಬೀಜ ಇಟ್ಟು ಇಸ್ಪೀಟು ಆಡುತ್ತಾರೆ. ಹಬ್ಬದ ದಿನ ಕೈಗೆ ಬಂದ ಎಲೆಯನ್ನು ಆಡದೆ ಕೆಳಗಿಡುವುದು ಲಕ್ಷ್ಮಿಗೆ ಬೆನ್ನು ತಿರುಗಿಸಿದಂತೆ ಎಂದು ಅತ್ತೆ ಹೇಳಿದ್ದನ್ನು ಹೊಸ ಸೊಸೆ ನಂಬಿದ್ದಳು; ಅದಕ್ಕೇ ಸೋತಿದ್ದಳು. ಆಮೇಲೆ ಮೂವತ್ತಾರು ದೀಪಾವಳಿ ಇಂದುಮತಿಬಾಯಿ ಚಹಾದ ತಟ್ಟೆ ಹಿಡಿದು ಆ ಜಮಖಾನದ ಅಂಚಿನಲ್ಲೇ ನಿಂತರು. ಅಂಚು ದಾಟಲಿಲ್ಲ.

"ಕಲತರ?" ಎಂದರು ಇಂದುಮತಿಬಾಯಿ.

"ಕಲತರ ಜಮಖಾನದ ಮ್ಯಾಲ ನನ್ನ ಜಾಗಾ ನಿಮಗ!"

ಕರಾರು ಅಲ್ಲೇ ಆಯಿತು. ಆಟದ ಖಾತೆಗೆ ಐದು ನೂರು ರೂಪಾಯಿ, ಮೇಲೆ ಒಂದು ಪೈಸೆ ಹಾಕುವಂತಿಲ್ಲ. ದಿನಕ್ಕೆ ಅರ್ಧ ಗಂಟೆ ತಪ್ಪದೆ ಆಡಬೇಕು. ಪಾಡ್ಯದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಆ ಐದು ನೂರು ಹಾಗೇ ಉಳಿದಿದ್ದರೆ ಜಾಗ ಅವರದು. ಒಂದು ರೂಪಾಯಿ ಕಡಿಮೆಯಾದರೂ ಜನ್ಮದಲ್ಲಿ ಇಸ್ಪೀಟಿನ ಸುದ್ದಿ ಎತ್ತುವಂತಿಲ್ಲ.

ಆಗ ಆ ಕೈ ನನ್ನ ಮೇಲೆ ಬಂದು ಕೂತಿತು. ತೆಳ್ಳನೆಯ, ತಣ್ಣನೆಯ ಕೈ. ತೋರುಬೆರಳಿನ ತುದಿ ಗಟ್ಟಿ. ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಊರಿಗೂ ಊರಿಗೂ ಮಾತು ಜೋಡಿಸಿದ ಬೆರಳು. ನನ್ನ ಕೆಂಪು ದೀಪ ಸೂರ್ಯನಂತೆ ಉರಿಯಿತು. ಮಾಳಮಡ್ಡಿಗೆಲ್ಲ ಬೆಳಕಾಯಿತು. ನೋಡಿದವರಿಲ್ಲ, ಅಷ್ಟೇ.

ಮೊದಲ ತಿಂಗಳು, ಹೇಳಲು ನಾಚಿಕೆಯಾಗುತ್ತದೆ, ನಾವು ಸೋತೆವು. ತಪ್ಪು ನನ್ನದಲ್ಲ. ಹೊಸ ಆಟಕ್ಕೆ ಇಂದುಮತಿಬಾಯಿ ಹಬ್ಬದ ಆಟದ ಲೆಕ್ಕವನ್ನೇ ತಂದಿದ್ದರು. ಮೂರೆಲೆ ಆಟದಲ್ಲಿ ಸೀಕ್ವೆನ್ಸ್, ಅಂದರೆ ಸಾಲಾಗಿ ಬಂದ ಎಲೆಗಳು, ಕಲರಿಗಿಂತ ದೊಡ್ಡದು. ಕಲರ್ ಎಂದರೆ ಎಲ್ಲವೂ ಒಂದೇ ಜಾತಿಯ ಎಲೆ. ಪೋಕರಿನಲ್ಲಿ ಅದು ತಿರುವುಮುರುವು. ಸೀಕ್ವೆನ್ಸ್ ಬಂದಾಗಲೆಲ್ಲ ಅವರ ಅಂಗೈ ಬೆವರುತ್ತಿತ್ತು, ರಾಣಿಯಂತೆ ದುಡ್ಡು ಮುಂದೆ ತಳ್ಳುತ್ತಿದ್ದರು, ಯಾರೋ ಕಾಣದವನು ಕಲರ್ ತೋರಿಸಿ ಬಾಚಿಕೊಳ್ಳುತ್ತಿದ್ದ. ಐದು ನೂರು ಇದ್ದದ್ದು ನೂರಾ ಎಂಬತ್ತಕ್ಕೆ ಇಳಿಯಿತು.

ಆ ದಿನ ಆ ಕೈ ನನ್ನನ್ನು ಬಿಟ್ಟು ಕಪಾಟು ತೆರೆಯಿತು. ಎಕ್ಸ್‌ಚೇಂಜಿನ ಕಾಲದ ಒಂದು ಉದ್ದನೆಯ ನೋಟುಬುಕ್ಕು ಹೊರಗೆ ಬಂತು.

ಅಂದಿನಿಂದ ಅರ್ಧ ಗಂಟೆ ಆಟ, ಒಂದು ಗಂಟೆ ಅಭ್ಯಾಸ. ತೆರೆಯ ಮೇಲೆ ಒಬ್ಬ ಹುಡುಗ ಗಡಗಡ ಹಿಂದಿಯಲ್ಲಿ ಪೋಕರ್ ಪಾಠ ಹೇಳುತ್ತಿದ್ದ. ಒಂದು ಪಾಠದಲ್ಲಿ ಅವನನ್ನು ನಾನು ನಲವತ್ತು ಸಲ ನಿಲ್ಲಿಸಿದೆ. "ಸ್ವಲ್ಪ ಸಾವಕಾಶ ಹೇಳಪಾ, ರೈಲು ತಪ್ಪತದೇನು ನಿಂದು?" ಎಂದು ಇಂದುಮತಿಬಾಯಿ ತೆರೆಗೇ ಬೈಯುತ್ತಿದ್ದರು. ಆಡಿ ಸೋತ ಆಟಗಳನ್ನು ಬರೆದಿಟ್ಟು ಮರುದಿನ ಓದುತ್ತಿದ್ದರು. ಎಲ್ಲಿ ತಪ್ಪಿತೋ ಅಲ್ಲೊಂದು ಅಡ್ಡಗೆರೆ.

ಎದುರಾಳಿಗಳ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅದರಿಂದೇನು? ಜೀವಮಾನವೆಲ್ಲ ಮುಖವಿಲ್ಲದ ದನಿಗಳ ನಡುವೆ ಕೆಲಸ ಮಾಡಿದವರು. ಯಾರು ಅವಸರದವರು, ಯಾರು ಸುಮ್ಮನೆ ಜೋರು ಮಾಡುವವರು ಎಂದು ತಂತಿಯಲ್ಲೇ ತಿಳಿಯುತ್ತಿದ್ದರು. ಈಗಲೂ ಹಾಗೇ, ತೆರೆಯ ಮೇಲಿನ ಒಂದೊಂದು ಹೆಸರಿಗೂ ಒಂದೊಂದು ಟಿಪ್ಪಣಿ. 'ಹುಲಿಮರಿ-೭: ಏನೂ ಇಲ್ಲದೆ ಗುರುಗುಟ್ಟುತ್ತಾನೆ.' 'ಶಾಂತಸಾಗರ: ಚಿಕ್ಕದಕ್ಕೆ ಸುಮ್ಮನಿರುತ್ತಾನೆ. ದೊಡ್ಡದು ಹಾಕಿದರೆ ಸುಳ್ಳಲ್ಲ.' ಹೀಗೆ ನೋಟುಬುಕ್ಕು ತುಂಬಿತು. ಎಲ್ಲರ ಮಾತು ಕೇಳಿಸಿಕೊಂಡು ಕೊನೆಗೆ ಮಾತಾಡುವ ಸರದಿ ಬಂದಾಗಲೇ ಹೆಚ್ಚು ಆಡಬೇಕು ಎಂದು ಪಾಠದ ಹುಡುಗ ಹೇಳಿದ. "ಇದನ್ನ ಹೇಳ್ಲಿಕ್ಕೆ ಇಷ್ಟ ಒದರಬೇಕಿತ್ತೇನು?" ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಎಲೆ ಬಿಡುವುದು. 'ಫೋಲ್ಡ್' ಎಂಬ ಗುಂಡಿಯ ಮೇಲೆ ನನ್ನ ಬಾಣ ನಿಂತರೂ ಬೆರಳು ಇಳಿಯುತ್ತಿರಲಿಲ್ಲ. ಮೂವತ್ತಾರು ವರ್ಷದ ಹಿಂದಿನ ಅತ್ತೆಯ ಮಾತು ಬೆರಳನ್ನು ಮೇಲೆ ಎಳೆಯುತ್ತಿತ್ತು. ನಾನು ಎಷ್ಟೋ ಸಲ, ಕಿಡಿಗೇಡಿತನಕ್ಕೆ, ಬಾಣವನ್ನು ಪಕ್ಕದ 'ಎಲ್ಲ ಹಾಕು' ಗುಂಡಿಯ ಕಡೆಗೆ ಒಂದು ಕೂದಲೆಳೆಯಷ್ಟು ಜಾರಿಸಿದ್ದುಂಟು. ಅವರು ಹಿಂದಕ್ಕೆ ತರುತ್ತಿದ್ದರು. ಶ್ರಾವಣದ ಹೊತ್ತಿಗೆ ಹತ್ತರಲ್ಲಿ ಎಂಟು ಸಲ ಬಿಡುವುದು ರೂಢಿಯಾಯಿತು. ಬಿಟ್ಟಾಗ ಅವರ ಕೈ ಹಗುರಾಗಿ, ನೀರಿನ ಮೇಲಿನ ಎಲೆಯಂತೆ ನನ್ನ ಮೇಲೆ ತೇಲುತ್ತಿತ್ತು. ಹೊರಗೆ ಬಿಸಿಲು ಸರಿಯುತ್ತಿತ್ತು, ಒಳಗೆ ರಾಯರ ಗೊರಕೆ ಏರಿ ಇಳಿಯುತ್ತಿತ್ತು, ನಾವಿಬ್ಬರೂ ಆ ಬಟ್ಟೆಯ ಕಡಲಲ್ಲಿ ಸದ್ದಿಲ್ಲದೆ ಹೋಗುತ್ತಿದ್ದೆವು. ಅಂಥ ಮಧ್ಯಾಹ್ನಗಳು ಮುಗಿಯುತ್ತವೆಂದು ನನಗೆ ಅನಿಸಿರಲೇ ಇಲ್ಲ.

ಒಂದು ರೂಪಾಯಿ, ಮೂರು ರೂಪಾಯಿ ಎಂದು ಮೇಲೆ ಬಂದು ಪಾಡ್ಯದ ದಿನ ಬೆಳಿಗ್ಗೆ ನಮ್ಮ ಸಾಮ್ರಾಜ್ಯ ಐದು ನೂರಾ ಇಪ್ಪತ್ತಮೂರು ರೂಪಾಯಿ ಆಗಿತ್ತು. ಅಂದಿನ ಅರ್ಧ ಗಂಟೆಯ ಆಟ ಬಾಕಿ. ಹೊಸ ಅಂಗಿ ತೊಟ್ಟ ಪ್ರಹ್ಲಾದ ಕಾವಲಿಗೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡ.

ಹನ್ನೊಂದಕ್ಕೆ ಇನ್ನು ನಾಲ್ಕು ನಿಮಿಷ ಇತ್ತು. ಇಂದುಮತಿಬಾಯಿಯ ಕೈಯಲ್ಲಿ ಎಂಟು, ಒಂಬತ್ತು, ಎರಡೂ ಕರಿ ಎಲೆ. ನಡುವಿನ ಐದರಲ್ಲಿ ಆಗ ತೆರೆದಿದ್ದವು ಮೂರು: ಏಳು, ಹತ್ತು, ಗುಲಾಮ. ಸಾಲಾಗಿ ಐದು! ಹದಿನಾಲ್ಕು ರೂಪಾಯಿ ಆಗಲೇ ಮೇಜಿಗೆ ಹೋಗಿತ್ತು. ಅಷ್ಟರಲ್ಲಿ ಎದುರಿಗಿದ್ದ ಶಾಂತಸಾಗರ ಎಂಬತ್ತು ರೂಪಾಯಿ ಮುಂದೆ ತಳ್ಳಿದ. ಹಿಡಿದು ಸೋತರೆ ಐದು ನೂರರ ಗಡಿ ಹೋಗುತ್ತದೆ. ಜಮಖಾನವೂ ಹೋಗುತ್ತದೆ.

ಪ್ರಹ್ಲಾದ ತನ್ನ ಕರಾರನ್ನೇ ಮರೆತು ಎದ್ದು ನಿಂತ. "ವೈನಿ! ಸೀಕ್ವೆನ್ಸ್ ಬಂದದ! ಹಾಕ್ರಿ, ಹಾಕ್ರಿ, ಏನ್ ನೋಡ್ತೀರಿ?"

"ಸುಮ್ಮನ ಕೂಡೋ. ಕುರ್ಚಿ ಬೀಳಸತೀ."

"ಅಯ್ಯ, ಇಂಥಾ ಎಲಿ ಯಾರರ ಬಿಡತಾರೇನ್ರಿ?"

ನನ್ನ ಬೆನ್ನ ಮೇಲಿನ ಅಂಗೈ ಮೊದಲು ಬಿಸಿಯಾಯಿತು. ಹೆಬ್ಬೆರಳ ಬುಡದಲ್ಲಿ ನಾಡಿ ಹೊಡೆದುಕೊಂಡಿತು. ಅದರ ಸದ್ದು ಹುಬ್ಬಳ್ಳಿಯವರೆಗೆ ಕೇಳಿಸಿತು ಎಂದು ಆಣೆ ಇಟ್ಟು ಹೇಳುತ್ತೇನೆ. ಎಡಗೈ ನೋಟುಬುಕ್ಕಿನ ಒಂದು ಹಾಳೆ ತಿರುವಿತು. ಕಣ್ಣು ನಡುವಿನ ಎಲೆಗಳಿಗೆ ಹೋಗಿ ಬಂದಿರಬೇಕು: ಏಳು, ಹತ್ತು, ಗುಲಾಮ ಮೂರೂ ಬದಾಮು, ಕೆಂಪು ಹೃದಯದ ಎಲೆಗಳು. ನಾಡಿ ನಿಧಾನವಾಯಿತು. ಅಂಗೈ ಒಣಗಿತು. ತೋರುಬೆರಳು ಇಳಿಯಿತು.

ಫೋಲ್ಡ್.

ಪ್ರಹ್ಲಾದ ಹಣೆ ಬಡಿದುಕೊಂಡ. ಶಾಂತಸಾಗರ ಜಂಭಕ್ಕೆ ತನ್ನ ಎಲೆ ತೆರೆದು ತೋರಿಸಿದ. ಎರಡೂ ಬದಾಮು. ನಡುವಿನ ಮೂರು ಸೇರಿ ಐದೂ ಒಂದೇ ಜಾತಿ.

"ಕಲರ್ ಅಷ್ಟ ಅಲಾ! ನಿಮ್ಮ ಸೀಕ್ವೆನ್ಸ್ ಮುಂದ ಅದೆಷ್ಟರದು?" ಎಂದ ಪ್ರಹ್ಲಾದ.

"ಇಲ್ಲೆ ಕಲರ್ ದೊಡ್ಡದು, ಪ್ರಹ್ಲಾದ," ಎಂದರು ಇಂದುಮತಿಬಾಯಿ. "ಯುಗಾದಿ ಮುಂದ ನಾನೂ ನಿನ್ನಂಗನ ಇದ್ದೆ."

ಗಡಿಯಾರ ಹನ್ನೊಂದು ಹೊಡೆಯಿತು. ತೆರೆಯ ಮೇಲೆ ಐದು ನೂರಾ ಒಂಬತ್ತು ರೂಪಾಯಿ.

ಮಧ್ಯಾಹ್ನ ಜಮಖಾನ ಹಾಸಿದರು. ಅಲ್ಲಿ ನನಗೆ ಕೆಲಸವಿರಲಿಲ್ಲ. ಆದರೆ ಯಾರೋ ಮೇಜು ಸರಿಸುವಾಗ ನಾನು ತಂತಿಯ ಸಮೇತ ಅಂಚಿಗೆ ಜಾರಿ, ಹೊಟ್ಟೆ ಹೊರಗಾಗಿ ನೇತಾಡಿದೆ. ಜೀವಮಾನದಲ್ಲಿ ಮೊದಲ ಸಲ ಇಂದುಮತಿಬಾಯಿಯವರನ್ನು ಮೇಲಿನಿಂದ ನೋಡಿದೆ. ಬೆಳ್ಳಿಗೂದಲ ನಡುವೆ ನೇರವಾದ ಬೈತಲೆ. ಹಸಿರು ಇಲಕಲ್ ಸೀರೆ. ಕಾಲು ಮಡಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭಾವಂದಿರ ನಡುವೆ ಕೂತಿದ್ದರು.

ಮೊದಲ ಕೈ ಹಂಚಿದರು. ಅವರು ನೋಡಿ ಕೆಳಗಿಟ್ಟರು.

"ಹಬ್ಬದ ದಿನ ಎಲಿ ಬಿಡತಾರೇನವಾ?" ಎಂದರು ದೊಡ್ಡ ಭಾವ.

"ನಾ ಬಿಡತೀನ್ರಿ," ಎಂದರು.

ಬಾಗಿಲ ಹತ್ತಿರ ಪ್ರಹ್ಲಾದ ಎಲ್ಲಿ ಕೂರಬೇಕೆಂದು ತಿಳಿಯದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಎಲೆಯಿಂದ ಕಣ್ಣು ತೆಗೆಯದೆಯೇ ಇಂದುಮತಿಬಾಯಿ ಹೇಳಿದರು:

"ಸುಮ್ಮನ ಯಾಕ ನಿಂತೀ? ಚಹಾ ಇಡು. ಎಂಟ ಮಂದಿಗೆ."

ಸಂಜೆಯ ಹೊತ್ತಿಗೆ ಅವರ ಮುಂದಿನ ಹುಣಸೆಬೀಜದ ರಾಶಿ ಮಾಳಿಗೆ ಮುಟ್ಟಿತ್ತು. ಜಂತಿ ಒಂದೆರಡು ಮುರಿದವು.

ಈಗ ನನಗೆ ವಯಸ್ಸಾಗಿದೆ. ಎಡಗುಂಡಿ ಒಮ್ಮೆ ಒತ್ತಿದರೆ ಎರಡು ಸಲ ಒದರುತ್ತದೆ. ತಂತಿಯಿಲ್ಲದ ಹೊಸ ಮೌಸೊಂದು ಬಂದಿದೆ. ಬೆಳ್ಳಗೆ, ತೆಳ್ಳಗೆ, ಮಾತೇ ಆಡದು. ನಾನು ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ಸತ್ತ ಚಾರ್ಜರು, ಒಂದು ಕುರುಡು ಟಾರ್ಚು, ಒಂದು ಹಳೆಯ ಕನ್ನಡಕದ ಜೊತೆ ಮಲಗಿದ್ದೇನೆ. ನನ್ನ ದೀಪ ಆರಿದೆ. ಆದರೂ ಮಧ್ಯಾಹ್ನದ ಹೊತ್ತು ಆ ಹಗುರಾದ ಕೈ ಬೆನ್ನ ಮೇಲೆ ಬಂದಂತಾಗಿ, ಖಾನೆಯ ಮರ ನೀರಾಗಿ, ನಾನು ಸ್ವಲ್ಪ ದೂರ ತೇಲಿಬರುತ್ತೇನೆ.

ಇವರಿಗೆ ನನ್ನ ಕಥೆಯನ್ನು ದಿನಕ್ಕೊಮ್ಮೆ ಹೇಳುತ್ತೇನೆ. ನಾವು ಗೆದ್ದದ್ದು ಐದು ಕೋಟಿ ಎಂದೆ, ನಂಬಿದರು. ಒಂಬತ್ತು ದೇಶದ ರಾಜರು ಸೋತು ಕಿರೀಟ ಬಿಟ್ಟುಹೋದರು ಎಂದೆ. ಚಾರ್ಜರಿಗೆ ಅಳುವೇ ಬಂತು. ನಿನ್ನೆ ಕನ್ನಡಕ ಕೇಳಿತು: "ಕಟ್ಟಕಡೆಗೆ ಬಾಯಿಯವರು ಗೆದ್ದದ್ದಾದರೂ ಹೇಗೆ? ಯಾವ ದೊಡ್ಡ ಎಲೆ ಬಂದಿತ್ತು?"

ಅಪರೂಪಕ್ಕೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಳ್ಳೆಯ ಎಲೆಯೇ ಬಂದಿತ್ತು, ಕೆಳಗಿಟ್ಟು ಗೆದ್ದರು ಎಂದೆ.

ಟಾರ್ಚು ಮೆಲ್ಲಗೆ ಅಂದಿತು: "ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇರಬೇಕಪ್ಪಾ."